ಟೆರೇಸಿನ ಚಾವಿ

ನಮ್ಮ ಅಡುಗೆಮನೆಯಲ್ಲಿ ಜಾಲರಿ ಸೌಟಿನ ಪಕ್ಕದ ಮೊಳೆಗೆ ಒಂದು ಚಾವಿ ತೂಗುತ್ತದೆ. ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗಿನ ಟೆರೇಸಿನದು. ಸೊಸೈಟಿಯ ಸೆಕ್ರೆಟರಿಯಾಗಲು ಯಾರೂ ಒಪ್ಪದೆ ಕೊನೆಗೆ ಆ ಪಟ್ಟ ನನ್ನ ತಲೆಗೆ ಬಂದಾಗ ಅದರ ಜೊತೆಗೆ ಬಂದ ಏಕೈಕ ಆಭರಣ ಇದು. ಮೈಸೂರಿನ ಕಡೆಯಿಂದ ಬಂದು, ಇಷ್ಟು ವರ್ಷ ಅಂಗೈಯಗಲದ ಆಕಾಶವನ್ನು ಕಿಟಕಿಯ ಸರಳುಗಳ ನಡುವೆ ನೋಡುತ್ತ ಬಾಳಿದವಳ ಕೈಗೆ ಇಡೀ ಆಕಾಶದ ಚಾವಿ ಸಿಕ್ಕರೆ ಹೇಗಿರುತ್ತದೆ ಹೇಳಿ? ತುಸು ಜಂಬವೂ ಬಂದಿತ್ತು.

ಬೀಗವನ್ನು ಸುಮ್ಮನೆ ಹಾಕಿದ್ದಲ್ಲ. ಟೆರೇಸಿನ ಅಂಚಿನ ಗೋಡೆ ಸೊಂಟದೆತ್ತರವೂ ಇಲ್ಲ. ಒಮ್ಮೆ ಯಾರದೋ ಮಗು ಅದರ ಮೇಲೆ ಹತ್ತಿ ಕೂತದ್ದನ್ನು ಕಂಡು ಎಲ್ಲರ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಕಾರಣ ಹೇಳಿದವರಿಗೆ ಮಾತ್ರ ಚಾವಿ ಎಂದು ನಿಯಮವಾಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆದರೆ ಕಾರಣ ಕೇಳುವ ರುಚಿ ಒಮ್ಮೆ ಹತ್ತಿತೆಂದರೆ ಬಿಡುವುದು ಕಷ್ಟ.

ನಮ್ಮ ಕೆಳಗಿನ ಮಹಡಿಯ ಶಮೀಮ್ ಬಾನು ವಿಜಯಪುರದ ಕಡೆಯವರು. ಒಂದು ಕೋಣೆ, ಒಂದು ಅಡುಗೆಮನೆ; ಅಷ್ಟರಲ್ಲೇ ಗಂಡ, ಮಕ್ಕಳು, ಅತ್ತೆ, ಹೊಲಿಗೆ ಮಷೀನು, ಬ್ಲೌಸ್ ಆಯಿತೇ ಎಂದು ಕೇಳಿಕೊಂಡು ಬರುವ ಹೆಂಗಸರು. ಹಿಂದಿನ ಸೆಕ್ರೆಟರಿಯ ಕಾಲದಿಂದಲೂ ಅವರು ಸಂಜೆ ಒಂದು ತಟ್ಟೆ ಕೆಂಪು ಮೆಣಸಿನಕಾಯಿ ಹಿಡಿದುಕೊಂಡು ಚಾವಿ ಕೇಳಲು ಬರುತ್ತಾರೆ. ಹೊತ್ತು ಮುಳುಗುವಾಗ ಯಾರಾದರೂ ಮೆಣಸಿನಕಾಯಿ ಒಣಗಿಸುತ್ತಾರೆಯೇ? ಅದೂ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದನ್ನು?

ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. "ಶಮೀಮ್, ಇದು ಇನ್ನೂ ಎಷ್ಟು ಒಣಗಬೇಕು?"

ಅವರು ನಕ್ಕರು. "ಕಾರಣ ಹೇಳಬೇಕಲ್ರಿ ಅಕ್ಕಾರ. ಸುಮ್ಮನ ಕುಂದ್ರಾಕ ಹೊಂಟೀನಿ ಅಂದ್ರ ಯಾರು ಚಾವಿ ಕೊಡ್ತಾರ? ಊರಾಗ ಮಾಳಿಗಿ ಮ್ಯಾಲ ಮಲಗಿ ಬೆಳದಾಕಿ ನಾ. ಮ್ಯಾಲ ಹೋದ್ರ ಒಂದು ತಾಸು ಯಾರೂ ನನ್ನ ಕರಿಯಂಗಿಲ್ರಿ."

ಯಾರೂ ಕರೆಯದ ಒಂದು ತಾಸು. ದಾದರಿನ ಆಫೀಸಿನಿಂದ ಲೋಕಲ್ ರೈಲಿನಲ್ಲಿ ಒಂಟಿಕಾಲಿನಲ್ಲಿ ನಿಂತು ಬರುವಾಗ ನಾನು ಹಂಬಲಿಸುತ್ತಿದ್ದುದೂ ಇದನ್ನೇ ಎಂದು ಹೊಳೆದು ಕಣ್ಣು ಹನಿಗೂಡಿತು. ಎಷ್ಟು ಚಿಕ್ಕ ಸ್ವಾತಂತ್ರ್ಯ ಇದು, ಇದಕ್ಕೂ ಒಂದು ತಟ್ಟೆ ಸುಳ್ಳನ್ನು ಹೊತ್ತು ಬರಬೇಕು.

"ಇನ್ಮೇಲೆ ತಟ್ಟೆ ತರಬೇಡಿ, ಸುಮ್ಮನೆ ಬನ್ನಿ. ನಾನು ಏನೂ ಕೇಳೋದಿಲ್ಲ," ಎಂದೆ, ದೊಡ್ಡ ಉಪಕಾರ ಮಾಡಿದವಳಂತೆ.

"ನೀವು ಕೇಳಂಗಿಲ್ರಿ," ಎಂದರು ಮೆಲ್ಲಗೆ. "ನಿಮ್ಮ ಹಿಂದ ಬರೋರು ಕೇಳ್ತಾರ. ರೂಢಿ ತಪ್ಪೂದು ಬ್ಯಾಡ ಬಿಡ್ರಿ."

ತಟ್ಟೆಯ ಸಮೇತವೇ ಮೆಟ್ಟಿಲು ಹತ್ತಿಹೋದರು. ನನ್ನ ಜಂಬ ಅಲ್ಲೇ ಇಳಿಯಿತು. ಯಾರದೋ ಒಳ್ಳೆಯತನವನ್ನು ನೆಚ್ಚಿಕೊಂಡ ಬಿಡುಗಡೆ ಅವರು ಕುರ್ಚಿ ಬಿಟ್ಟ ದಿನವೇ ಮುಗಿಯುತ್ತದೆ. ಅಧಿಕಾರವಿದ್ದಾಗ ಧಾರಾಳಿಯಾಗುವುದು ಸುಲಭ. ಆ ಧಾರಾಳತನದ ಅಗತ್ಯವೇ ಯಾರಿಗೂ ಬೀಳದಂತೆ ಮಾಡುವುದಕ್ಕೆ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಗೋಡೆಯ ಮೇಲೆ ಎತ್ತರದ ಗ್ರಿಲ್ ಹಾಕಿಸಿ ಬೀಗ ತೆಗೆದುಬಿಡೋಣವೆಂದು ಭಾನುವಾರದ ಮೀಟಿಂಗಿನಲ್ಲಿ ಹೇಳಲಿದ್ದೇನೆ. ಒಪ್ಪುತ್ತಾರೋ ಇಲ್ಲವೋ ತಿಳಿಯದು.

ನಿಮ್ಮೊಡನೆ ಮುಚ್ಚುಮರೆಯೇಕೆ, ಶಮೀಮ್ ಬಾಗಿಲು ತಟ್ಟುವ ಹೊತ್ತು ನನಗೆ ಪ್ರಿಯವಾಗಿಬಿಟ್ಟಿದೆ. ದಿನವೆಲ್ಲ ಹಿಂದಿ ಮರಾಠಿಗಳಲ್ಲಿ ಕಳೆದ ಮೇಲೆ ಕನ್ನಡದ ನಾಲ್ಕು ಮಾತು ಸಿಗುವುದು ಆಗಲೇ. ಆದರೂ ಒಂದು ಸಂಜೆಗಾಗಿ ಮನಸ್ಸು ಹಂಬಲಿಸುತ್ತದೆ: ಅವರ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಕೇಳಬೇಕು, ನನ್ನ ಬಾಗಿಲ ಮುಂದೆ ನಿಲ್ಲದೆ ಹಾಗೇ ಮೇಲಕ್ಕೆ ಹೋಗಬೇಕು.