ನ್ಯಾಯಾಧೀಶನ ಮನೆಯ ಕೆಲಸದಾಕೆ

ಪೆಂಡಲ್ ಹಿಲ್‌ನಿಂದ ಟ್ರೇನು ಹಿಡಿದು ನಾನು ದಿನಾ ಹೋಗುತ್ತಿದ್ದುದು ಸಿಡ್ನಿಯ ಪಶ್ಚಿಮದ ಒಂದು ಸಬರ್ಬಿನ ಲೈಬ್ರರಿಗೆ. ಅಲ್ಲಿನ ಇತಿಹಾಸ ವಿಭಾಗದಲ್ಲಿ ಕೆಲಸ. ಆ ಊರನ್ನು ಕಟ್ಟಿದವನು, ಸುತ್ತ ಬರೀ ಕಾಡಿದ್ದ ಕಾಲದಲ್ಲಿ ಅಲ್ಲಿ ನ್ಯಾಯಾಧೀಶನಾಗಿದ್ದವನು. ಮುಂದೆ ಶಾಸನಸಭೆಗೂ ಹೋದ. ಅವನ ಜೀವನಚರಿತ್ರೆ ಬರೆಯಲು ನನಗೆ ಹೇಳಿದರು. ಎಂಟು ತಿಂಗಳು ಹಳೆಯ ಕಾಗದಗಳ ಧೂಳು ಕುಡಿದು ಬರೆದೆ.

ಪುಸ್ತಕ ಅಚ್ಚಾಗಿ ಬಂದಾಗ ಮುಖಪುಟದಲ್ಲಿ ಇದ್ದದ್ದು ಆ ಊರಿನ ಇತಿಹಾಸ ಸಮಿತಿಯ ಅಧ್ಯಕ್ಷರ ಹೆಸರು. ನಿವೃತ್ತ ವಕೀಲರು, ಅದೇ ನ್ಯಾಯಾಧೀಶನ ವಂಶದವರು. ಬಿಡುಗಡೆಯ ಸಭೆಯಲ್ಲಿ ನನ್ನ ಕಡೆ ಕೈ ತೋರಿಸಿ, "ಟೈಪಿಂಗ್‌ಗೆ ಇವರು ಸಹಾಯ ಮಾಡಿದರು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಧಾರವಾಡದ ತಣ್ಣನೆಯ ಮನುಷ್ಯ. "ಬಿಟ್ಟ ಬಿಡು, ಅಂಥವರ ಜೋಡಿ ನಿನಗ್ಯಾಕ ಜಗಳ?" ಎಂದರು.

"ಬಿಡೂದಿಲ್ರಿ" ಎಂದೆ.

ಮರುವಾರ ಕೋರ್ಟಿನ ಹಳೆಯ ರಿಜಿಸ್ಟರುಗಳನ್ನು ಮತ್ತೆ ತೆಗೆದೆ. ಈ ಸಲ ಹುಡುಕಿದ್ದು ಆ ನ್ಯಾಯಾಧೀಶನ ಕೊಳಕನ್ನು. ಸಿಕ್ಕಿತು. ಅವನ ಮನೆಯ ಕೆಲಸದಾಕೆ ಹೊಡೆತ ತಾಳಲಾರದೆ ಓಡಿಹೋಗಿದ್ದಳು. ಆ ಕಾಲದಲ್ಲಿ ಯಜಮಾನನ ಕೆಲಸ ಬಿಟ್ಟು ಓಡುವುದೇ ಅಪರಾಧ. ದೂರು ಕೊಟ್ಟವನು ಅವನೇ, ಪೀಠದಲ್ಲಿ ಕೂತು ವಿಚಾರಣೆ ಮಾಡಿದವನೂ ಅವನೇ. ಬೆನ್ನ ಮೇಲಿನ ಬಾಸುಂಡೆ ತೋರಿಸುತ್ತೇನೆ ಎಂದಳಂತೆ. ಅಗತ್ಯವಿಲ್ಲ ಎಂದು ಬರೆದಿತ್ತು. ಅವಳಿಗೆ ಮೂರು ತಿಂಗಳು ಜೈಲು.

ಊರಿನ ಇತಿಹಾಸದ ಪ್ರದರ್ಶನಕ್ಕೆ ಫಲಕ ಬರೆಯುವ ಕೆಲಸ ನನ್ನದೇ ಆಗಿತ್ತು. ಆ ವಿಚಾರಣೆಯನ್ನು ದೊಡ್ಡ ಅಕ್ಷರಗಳಲ್ಲಿ ಪ್ರಿಂಟ್ ಮಾಡಿಸಿ ನ್ಯಾಯಾಧೀಶನ ಭಾವಚಿತ್ರದ ಪಕ್ಕದಲ್ಲೇ ಹಾಕಿಸಿದೆ. ಲೈಬ್ರರಿಯ ಮುಖ್ಯಸ್ಥೆ ಮೂಲ ದಾಖಲೆ ನೋಡಿ ಒಪ್ಪಿದ್ದರು. ಉದ್ಘಾಟನೆಯ ದಿನ, ಮೊದಲ ಫಲಕವನ್ನು ನೀವೇ ಓದಬೇಕು ಎಂದು ಅಧ್ಯಕ್ಷರನ್ನು ಕರೆದೆ. ಕನ್ನಡಕ ಏರಿಸಿ ಗಟ್ಟಿಯಾಗಿ ಶುರುಮಾಡಿದರು. ಬಾಸುಂಡೆಯ ಸಾಲಿಗೆ ಬಂದಾಗ ದನಿ ನಿಂತಿತು. ಕಿವಿಯವರೆಗೂ ಕೆಂಪಾದರು.

"ಬೇಕಂತಲೇ ಮಾಡಿದಿರಿ" ಎಂದರು, ನನಗೆ ಮಾತ್ರ ಕೇಳುವಂತೆ.

"ಹೌದು. ಪೂರ್ತಿ ಓದಿ."

ಓದಲಿಲ್ಲ. ಉಳಿದದ್ದನ್ನು ನಾನು ಓದಿದೆ, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಸವಿಯುತ್ತ.

ಆ ಹೆಂಗಸಿಗೆ ನ್ಯಾಯ ಸಿಗಲೆಂದು ಮಾಡಿದೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಅರ್ಧ ಸುಳ್ಳು. ಅವಳ ಬೆನ್ನಿನ ಗಾಯವನ್ನು ನನ್ನ ಸಿಟ್ಟಿಗೆ ಬಳಸಿಕೊಂಡೆ. ಒಮ್ಮೊಮ್ಮೆ ಅದಕ್ಕೆ ನಾಚಿಕೆಯಾಗುತ್ತದೆ, ಅಧ್ಯಕ್ಷರಿಗೆ ಮಾಡಿದ್ದಕ್ಕಲ್ಲ. ಅವರು ಸಮಿತಿ ಬಿಟ್ಟರು. ಮರುವರ್ಷ ನನ್ನ ಕಾಂಟ್ರಾಕ್ಟ್ ಕೂಡ ಮುಂದುವರಿಯಲಿಲ್ಲ.

ಹೋದ ತಿಂಗಳು ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನಲ್ಲಿ ಅವರೇ ಎದುರಾದರು. ಮುಖ ತಿರುಗಿಸಿಕೊಂಡರು. ಅವರು ಟ್ರೇನು ಹತ್ತುವವರೆಗೂ ನಾನು ದಿಟ್ಟಿಸಿ ನೋಡುತ್ತಲೇ ನಿಂತಿದ್ದೆ.