ಸುಬ್ಬತ್ತೆಯ ದವನದೆಣ್ಣೆ

ಶಿವಾಜಿನಗರದಲ್ಲಿ ಹೂವು ಕೊಳ್ಳುವಾಗ ಮಾಲೆಯ ನಡುವೆ ದವನದ ಕುಡಿ ಸಿಕ್ಕಿಸಿದ್ದರೆ, ಅದರ ಗಂಧಕ್ಕೆ ಇವತ್ತಿಗೂ ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಅರವತ್ತರ ದಶಕದ ಕೊನೆ. ದೊಮ್ಮಲೂರು ಇನ್ನೂ ಹಳ್ಳಿಯಾಗಿತ್ತು. ನಮ್ಮ ಮನೆಯ ಹಿಂದಿನ ಹೊಲದಲ್ಲಿ ಸುಬ್ಬತ್ತೆ ದವನ ಬೆಳೆಯುತ್ತಿದ್ದಳು. ಅವಳು ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಚಳಿ ಕಳೆಯುವ ಹೊತ್ತಿಗೆ ಹೂಬಿಟ್ಟ ಗಿಡಗಳನ್ನು ಕೊಯ್ದು, ನೆರಳಿನಲ್ಲಿ ಬಾಡಿಸಿ, ತಾಮ್ರದ ಹಂಡೆಗೆ ತುಂಬಿ, ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತಿ ಬೆಂಕಿ ಹಾಕುತ್ತಿದ್ದಳು. ಹಬೆ ಕೊಳವೆಯಲ್ಲಿ ಸಾಗಿ, ತಣ್ಣೀರಿನ ತೊಟ್ಟಿಯನ್ನು ಹಾದು, ಆಚೆ ತುದಿಯಲ್ಲಿ ಹನಿಹನಿಯಾಗಿ ಇಳಿಯುತ್ತಿತ್ತು. ನೀರಿನ ಮೇಲೆ ತೇಲುವ ಕಂದು ಎಣ್ಣೆಯನ್ನು ಅವಳು ಉಸಿರು ಬಿಗಿಹಿಡಿದು ಬೇರ್ಪಡಿಸುವಾಗ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಗಂಧ ಅವಳ ಸೀರೆಗೆ, ಕೂದಲಿಗೆ, ಅವಳು ಕಲಸಿದ ಅನ್ನಕ್ಕೂ ಹತ್ತುತ್ತಿತ್ತು.

ನಾಲ್ಕನೇ ಕ್ಲಾಸಿಗೆ ಅಪ್ಪ ನನ್ನನ್ನು ಹಲಸೂರಿನ ಇಂಗ್ಲಿಷ್ ಶಾಲೆಗೆ ಸೇರಿಸಿದರು. ಸಂಜೆ ಅತ್ತೆ ಒಲೆ ಬಿಟ್ಟು, ಅಷ್ಟು ದೂರ ನಡೆದು ನನ್ನನ್ನು ಕರೆದೊಯ್ಯಲು ಬರುತ್ತಿದ್ದಳು. ಒಂದು ದಿನ ಗೇಟಿನ ಹತ್ತಿರ ಜೊತೆಯ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡು, “ನಿಮ್ಮ ಆಯಾನಾ? ಏನ್ ಸ್ಮೆಲ್ಲೇ ಇದು!” ಎಂದಳು. ನಾನು “ಹೂಂ” ಎಂದುಬಿಟ್ಟೆ. ಅತ್ತೆಗೆ ಕೇಳಿಸಿತ್ತು. ಸಾಲದ್ದಕ್ಕೆ ದಾರಿಯಲ್ಲಿ ನಾನೇ ಸಿಡುಕಿದೆ: “ನಾಳೆಯಿಂದ ಗೇಟ್ ಹತ್ರ ಬರ್ಬೇಡ ಅತ್ತೆ. ನಿನ್ ಮೈಯೆಲ್ಲಾ ವಾಸ್ನೆ.”

ಅವಳು ನನ್ನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. “ಆಯ್ತು ಕಣಮ್ಮ, ದೂರ ನಿಂತಿರ್ತೀನಿ. ರಸ್ತೆ ದಾಟೋವಾಗ ಮಾತ್ರ ಕೈ ಹಿಡ್ಕೊಳ್ತೀನಿ.”

ಮಾರನೆಯ ದಿನದಿಂದ ಹಲಸೂರು ಕೆರೆಯ ಕಡೆಯ ತಿರುವಿನಲ್ಲಿ ಒಬ್ಬಳೇ ನಿಲ್ಲತೊಡಗಿದಳು. ಮುಂದಿನ ವರ್ಷ ಅವಳು ದವನ ಬಿತ್ತಲಿಲ್ಲ. “ಯಾಕಕ್ಕಾ?” ಎಂದು ಅಪ್ಪ ಕೇಳಿದ್ದಕ್ಕೆ, “ಸೊಂಟ ನೋವು ಕಣೋ, ಬಗ್ಗೋಕಾಗಲ್ಲ,” ಎಂದಳು. ನನ್ನ ಕಡೆ ನೋಡಲಿಲ್ಲ. ಕಾರಣ ನನಗೆ ಗೊತ್ತಿತ್ತು. ಬೀಳುಬಿದ್ದ ನೆಲವನ್ನು ಅಪ್ಪ ಮನೆ ಕಟ್ಟುವವರಿಗೆ ಮಾರಿದರು. ಹಂಡೆ ಪಾತ್ರೆಯಂಗಡಿ ಸೇರಿತು. ಸಾಕಿದವರ ಮನಸ್ಸಿಗೆ ಇಂಥ ಗಾಯ ಮಾಡಿ ದೊಡ್ಡವರಾದವರು ನಿಮ್ಮಲ್ಲೂ ಇರಬಹುದು.

ನಾನು ಕಾಲೇಜಿನಲ್ಲಿದ್ದಾಗ ಅತ್ತೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, “ಅತ್ತೆ, ಅವತ್ತು ಸ್ಕೂಲ್ ಹತ್ರ…” ಎಂದು ಶುರುಮಾಡಿದೆ. “ಬಿಸಿಲಲ್ಲಿ ಬಂದಿದ್ಯ, ಮೊದ್ಲು ಊಟ ಮಾಡು ಹೋಗು,” ಎಂದಳು. ಉಂಡು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಆಮೇಲೂ ಅವಳು ಹದಿನೇಳು ದಿನ ಇದ್ದಳು. ನಾನು ಹೇಳಲಿಲ್ಲ.