ಸ್ಟ್ರೆಚರ್ ಮೇಲಿನ ಹಗುರಕ್ಕ

ಆ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವವಳಿಗೆ ಹಗುರಕ್ಕ ಎಂಬ ಹೆಸರು ಬಿದ್ದದ್ದು ಅವಳ ಬಡಕಲು ಮೈಯಿಂದ. ಗಾಳಿ ಜೋರಾದರೆ ಒಣಹಾಕಿದ ಹೊದಿಕೆಗಳ ಜೊತೆ ಇವಳಿಗೂ ಒಂದು ಕ್ಲಿಪ್ ಹಾಕಬೇಕು ಎಂದು ಅಡುಗೆಯವನು ರೇಗಿಸುತ್ತಿದ್ದ. ಆ ಮೈಯೇ ಅವಳಿಗೆ ಇನ್ನೊಂದು ಉದ್ಯೋಗ ದೊರಕಿಸಿಕೊಟ್ಟಿತು, ಸಂಬಳವಿಲ್ಲದ್ದು.

ಬೆಂಕಿ ಬಿದ್ದರೆ ಮುದುಕರನ್ನು ಹೇಗೆ ಇಳಿಸುತ್ತೀರಿ, ಮಾಡಿ ತೋರಿಸಿ ಎಂದು ಆಗಾಗ ಅಧಿಕಾರಿಗಳು ಬರುತ್ತಿದ್ದರು. ಮೊದಲ ಸಲ ಮೇಲಿನ ಮಹಡಿಯ ಟೀಚರಮ್ಮನನ್ನು ಎತ್ತಲು ಹೋಗಿ, ಹಾಸಿಗೆಯ ಪಕ್ಕದಲ್ಲೇ ವಾಚ್‌ಮನ್‌ನ ಸೊಂಟ ಹಿಡಿದುಕೊಂಡಿತು. ಟೀಚರಮ್ಮ ಭಾರೀ ಆಳು, ಮಂಡಿಗಳೆರಡೂ ಕೈಕೊಟ್ಟಿದ್ದವು. ಮ್ಯಾನೇಜರ್ ತಲೆ ಓಡಿಸಿದರು. ಅಂದಿನಿಂದ ಸ್ಟ್ರೆಚರ್ ಮೇಲೆ ಹಗುರಕ್ಕ, ಕಿಟಕಿಗಳಲ್ಲಿ ಪ್ರೇಕ್ಷಕರಾಗಿ ಮುದುಕರು. ಹಗುರಕ್ಕ "ಅಯ್ಯೋ, ಉಳಿಸ್ರಪ್ಪಾ" ಎಂದು ಕೂಗಬೇಕು, ವಾಚ್‌ಮನ್ ಮತ್ತು ಅಡುಗೆಯವನು ಅವಳನ್ನು ಹೊತ್ತು ಅಂಗಳಕ್ಕೆ ಓಡಬೇಕು, ಮೇಲಿನಿಂದ ಮುದುಕರು ಚಪ್ಪಾಳೆ ತಟ್ಟಬೇಕು. ಅಧಿಕಾರಿಗಳು ಚಹಾ ಕುಡಿದು, ಭೇಷ್ ಎಂದು ಬರೆದು ಹೋಗುತ್ತಿದ್ದರು.

ಹಗುರಕ್ಕನಿಗೆ ಮಾತ್ರ ಒಳಗೊಳಗೇ ತಳಮಳ. ತಾಯಿಯ ಮುಖವನ್ನೇ ಕಾಣದ ಅವಳನ್ನು "ತಲೆ ಬಾಚ್ಕೊಂಡು ಬಾರೇ" ಎಂದು ಗದರುವ ಜೀವ ಈ ಲೋಕದಲ್ಲಿ ಟೀಚರಮ್ಮ ಒಬ್ಬರೇ.

"ಸಾರ್, ನಿಜವಾಗ್ಲೂ ಬೆಂಕಿ ಬಿದ್ರೆ ಟೀಚರಮ್ಮ ಹೆಂಗೆ ಇಳೀತಾರೆ?"

"ಬಿಡ್ತು ಅನ್ನು!" ಎಂದರು ಮ್ಯಾನೇಜರ್. "ನೀನು ಇನ್ನೊಂಚೂರು ಜೋರಾಗಿ ನರಳೋದು ಕಲಿ."

ಅವಳು ಕಲಿತಳು. ನರಳುವುದರಲ್ಲಿ ಅವಳನ್ನು ಮೀರಿಸುವವರೇ ಇಲ್ಲ ಎಂಬಂತಾಯಿತು.

ಒಂದು ಮಧ್ಯಾಹ್ನ ಬಟ್ಟೆ ಒಣಗಿಸುವ ಯಂತ್ರ ಹೊತ್ತಿಕೊಂಡು, ಹೊಗೆ ಮಹಡಿಗೇರಿತು. ಅಲಾರಂ ಬಡಿದುಕೊಂಡಿತು. ಹಗುರಕ್ಕ ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡುತ್ತಿದ್ದಳು. ಎದುರಾದ ವಾಚ್‌ಮನ್ ಮತ್ತು ಅಡುಗೆಯವನು ಅಭ್ಯಾಸಬಲದಿಂದ ಅವಳನ್ನೇ ಅನಾಮತ್ತಾಗಿ ಎತ್ತಿ, ಸ್ಟ್ರೆಚರ್ ಮೇಲೆ ಹಾಕಿ, ಪಟ್ಟಿ ಬಿಗಿದರು.

"ನನ್ನನ್ನಲ್ರೋ! ಟೀಚರಮ್ಮ ಮೇಲಿದ್ದಾರೆ!"

"ಇವತ್ತು ಬಲು ಚೆನ್ನಾಗಿ ಕೂಗ್ತಿದ್ದಾಳೆ ಕಣೋ. ಹೊಗೇನೂ ಹಾಕ್ಸಿದ್ದಾರೆ ನೋಡು" ಎಂದ ಅಡುಗೆಯವನು, ಓಡುತ್ತಲೇ.

ಅಧಿಕಾರಿಗಳೇ ಹೇಳದೆ ಬಂದು ಪರೀಕ್ಷೆ ಮಾಡಿಸುತ್ತಿದ್ದಾರೆ ಎಂದುಕೊಂಡ ಮ್ಯಾನೇಜರ್ ಅಂಗಳದಲ್ಲಿ ಕೈಗಡಿಯಾರ ನೋಡಿ ಬೀಗಿದರು. ಹಗುರಕ್ಕ ಮಲಗಿದಲ್ಲಿಂದಲೇ ಮೇಲೆ ನೋಡಿದಳು. ಕಿಟಕಿಗಳಲ್ಲಿ ಮುದುಕರೆಲ್ಲ ಕೆಮ್ಮುತ್ತ ಚಪ್ಪಾಳೆ ತಟ್ಟುತ್ತಿದ್ದರು. ಟೀಚರಮ್ಮನೂ ತಟ್ಟುತ್ತಿದ್ದರು.

ಅವಳಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಉಕ್ಕಿ ಅಳು ಬಂತು. ಪಟ್ಟಿ ಕಿತ್ತೆಸೆದು ಎದ್ದವಳೇ ಮ್ಯಾನೇಜರ ಕೊರಳಪಟ್ಟಿಗೇ ಕೈಹಾಕಿದಳು.

"ನಿಮ್ಮ ನಾಟಕದ ಮನೆ ಹಾಳಾಗ! ಇದು ನಿಜವಾದ ಬೆಂಕಿ! ಬನ್ರೋ ಎಲ್ರೂ!"

ಆಮೇಲೆ ನಡೆದದ್ದು ಯಾವ ಯೋಜನೆಯಲ್ಲೂ ಇರಲಿಲ್ಲ. ನಡೆಯಬಲ್ಲವರನ್ನು ಹಿತ್ತಲ ಮೆಟ್ಟಿಲಿನಿಂದ ನಡೆಸಿದರು, ಉಳಿದವರನ್ನು ಬೆನ್ನಿಗೇರಿಸಿಕೊಂಡರು. ಟೀಚರಮ್ಮನನ್ನು ಹಾಸಿಗೆ ಸಮೇತ ಮೆಟ್ಟಿಲ ಮೇಲೆ ಜಾರಿಸಿಕೊಂಡು ಬಂದರು. ಮುಂದೆ ಹಗುರಕ್ಕ, ಹಿಂದೆ ದೇವರ ಹೆಸರೆಲ್ಲ ಹೇಳುತ್ತ ಮ್ಯಾನೇಜರ್. ಎಲ್ಲರೂ ಬದುಕಿದರು.

ಅಗ್ನಿಶಾಮಕದವರು ಬಂದು ನೀರು ಹೊಡೆದರು. ಟೀಚರಮ್ಮ ಅಂಗಳದ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಮಹಡಿ ಸೇರಿದ ಮೇಲೆ ಅವರು ಕೆಳಗಿಳಿದದ್ದು ಅದೇ ಮೊದಲು. ಬಿಸಿಲಿಗೆ ಮುಖವೊಡ್ಡಿ, ಅಂಗೈಯಲ್ಲಿ ಹುಲ್ಲನ್ನು ಸವರುತ್ತಿದ್ದರು.

"ಬೆಂಕಿ ಆರಿತು ಟೀಚರಮ್ಮ, ಇನ್ನೇನೂ ಭಯ ಇಲ್ಲ. ಮೇಲೆ ಹೋಗೋಣ" ಎಂದರು ಮ್ಯಾನೇಜರ್.

ಟೀಚರಮ್ಮನ ಮುಖ ಸಪ್ಪಗಾಯಿತು. ಹಗುರಕ್ಕನ ಕೈ ಹಿಡಿದು ಕೇಳಿದರು: "ಇಷ್ಟು ಬೇಗ ಯಾಕೆ ಆರಿಸಿಬಿಟ್ರೇ?"